ಗಾಳಿಯಂತ್ರದ ಮಾದರಿ: ಮೊದಲು ಮೋಟಾರ್, ಆಮೇಲೆ ರೆಕ್ಕೆ

ನನ್ನ ಮಗಳು ಗದಗಿನ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿ ಓದುತ್ತಾಳೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಅವಳು ಮಾಡಿದ ಗಾಳಿಯಂತ್ರದ ಮಾದರಿ ತಾಲ್ಲೂಕು ಮಟ್ಟದ ಪ್ರದರ್ಶನವನ್ನೂ ಮುಗಿಸಿಕೊಂಡು ಈಗಷ್ಟೇ ಮನೆಗೆ ಮರಳಿದೆ. ದೀಪಾವಳಿಯ ನಂತರ ಶುರುವಾದ ಈ ಕೆಲಸದಲ್ಲಿ ನಮಗೆ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಎಲ್ಲಿಯೂ ಬರೆದಿಟ್ಟವಲ್ಲ. ಮೊಬೈಲಿನಲ್ಲಿ ನೋಡುವ ಐದು ನಿಮಿಷದ ವಿಡಿಯೊಗಳಲ್ಲಿ ರೆಕ್ಕೆ ತಿರುಗುತ್ತದೆ, ದೀಪ ಹೊತ್ತುತ್ತದೆ, ಅಲ್ಲಿಗೆ ಮುಗಿಯಿತು. ಅದೇ ಸಾಮಾನು ತಂದು ಮನೆಯಲ್ಲಿ ಜೋಡಿಸಿದರೆ ರೆಕ್ಕೆ ತಿರುಗುತ್ತದೆಯೇ ಹೊರತು ದೀಪ ಹೊತ್ತುವುದಿಲ್ಲ. ಏಕೆ ಹೊತ್ತುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಈ ಮಾದರಿಗೆ ಹೊರಟ ಮಕ್ಕಳಿಗೂ, ಅವರ ಬೆನ್ನ ಹಿಂದೆ ಅಂಗಡಿ ಅಂಗಡಿ ಅಲೆಯುವ ತಾಯಿ ತಂದೆಯರಿಗೂ ಬಹಳಷ್ಟು ಓಡಾಟ ತಪ್ಪುತ್ತದೆ.

ವಿಷಯವನ್ನು ಆರಿಸಿದವಳು ಅವಳೇ. ನನ್ನ ತವರು ಮುಂಡರಗಿಯ ಕಡೆಯದು. ಗದಗಿನಿಂದ ಡಂಬಳದ ದಾರಿಯಲ್ಲಿ ಬಸ್ಸು ಹೋಗುವಾಗ ಕಪ್ಪತಗುಡ್ಡದ ಸಾಲಿನ ಮೇಲೆ ನಿಂತ ದೊಡ್ಡ ಗಾಳಿಯಂತ್ರಗಳನ್ನು ಅವಳು ಚಿಕ್ಕಂದಿನಿಂದ ನೋಡುತ್ತ ಬಂದಿದ್ದಾಳೆ. ಹೆಸರು ಬರೆಸುವಾಗ ವಿಜ್ಞಾನ ಶಿಕ್ಷಕರು ಎರಡು ಷರತ್ತು ಹಾಕಿದರು. ಮೊದಲನೆಯದು, ಥರ್ಮೋಕೋಲ್ ಬಳಸುವಂತಿಲ್ಲ. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲ್ ದೇಶದಾದ್ಯಂತ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದ್ದರೂ ಸ್ಟೇಷನರಿ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಮಕ್ಕಳು ಅದನ್ನೇ ತರುತ್ತಾರೆ. ಎರಡನೆಯ ಷರತ್ತು ಇನ್ನೂ ಕಠಿಣವಾದದ್ದು. "ಬ್ಯಾಟರಿ ಹಾಕಿ ರೆಕ್ಕಿ ತಿರುಗಿಸಿದರ ಅದು ಫ್ಯಾನ್ ಆಗತೈತಿ, ಗಾಳಿಯಂತ್ರ ಆಗೂದಿಲ್ಲ," ಎಂದು ಅವರು ತರಗತಿಯಲ್ಲೇ ಹೇಳಿಬಿಟ್ಟಿದ್ದರು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಮಾರುಕಟ್ಟೆಗೆ ಹೋದಾಗ. ಪುಸ್ತಕದ ಅಂಗಡಿಗಳಲ್ಲಿ ಸಿದ್ಧ ಗಾಳಿಯಂತ್ರದ ಮಾದರಿಗಳನ್ನು ಮುನ್ನೂರರಿಂದ ಐದು ನೂರು ರೂಪಾಯಿಯವರೆಗೆ ಮಾರುತ್ತಾರೆ. ಹಸಿರು ಹುಲ್ಲುಹಾಸಿನ ಕಾಗದ, ಪುಟ್ಟ ಮನೆ, ಅದರ ಪಕ್ಕದಲ್ಲಿ ಕಂಬ, ಕಂಬದ ತುದಿಯಲ್ಲಿ ರೆಕ್ಕೆ. ತಳದಲ್ಲಿ ಅಡಗಿಸಿಟ್ಟ ಬ್ಯಾಟರಿಯಿಂದ ರೆಕ್ಕೆಯೂ ತಿರುಗುತ್ತದೆ, ಮನೆಯ ದೀಪವೂ ಉರಿಯುತ್ತದೆ. ನೋಡಲು ಅಚ್ಚುಕಟ್ಟಾಗಿರುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಅದರಲ್ಲಿ ಗಾಳಿಗೆ ಕೆಲಸವೇ ಇಲ್ಲ. ಸಮಯವಿಲ್ಲದ ಪೋಷಕರು ಅದನ್ನು ಕೊಂಡೊಯ್ದರೆ ನಾನು ದೂರುವುದಿಲ್ಲ. ಪರೀಕ್ಷಕರು ತಳವನ್ನು ತಿರುಗಿಸಿ ನೋಡುತ್ತಾರೆ ಎಂಬುದು ಮಾತ್ರ ನೆನಪಿರಲಿ. ನಮ್ಮ ಶಾಲೆಯಲ್ಲಿ ನೋಡಿದರು.

ಕಾಗದಪತ್ರಗಳ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅವನ್ನು ಕೇಳುವುದು ಕೊನೆಗಾದರೂ ಹೊಂದಿಸಿಕೊಳ್ಳಬೇಕಾದದ್ದು ಮೊದಲು. ಶಾಲೆಯಲ್ಲಿ ಕೊಟ್ಟ ನಮೂನೆಯಲ್ಲಿ ವಿದ್ಯಾರ್ಥಿಯ ಹೆಸರು, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಗುರುತಿನ ಸಂಖ್ಯೆ), ಹುಟ್ಟಿದ ದಿನಾಂಕ, ಮಾದರಿಯ ಉಪವಿಷಯ ಮತ್ತು ಮಾರ್ಗದರ್ಶಕ ಶಿಕ್ಷಕರ ಸಹಿ ಬೇಕಿತ್ತು. ಇದರೊಂದಿಗೆ ಪೋಷಕರ ಒಪ್ಪಿಗೆ ಪತ್ರ, ಎರಡು ಭಾವಚಿತ್ರ, ಎರಡು ಪುಟದ ಸಾರಾಂಶ. ಇವಲ್ಲದೆ ಕೆಲಸದ ದಿನಚರಿಯ ಪುಸ್ತಕವನ್ನೂ ಕೇಳಿದರು. ಇದನ್ನು ಕೊನೆಯ ರಾತ್ರಿ ಕುಳಿತು ಬರೆದರೆ ಬೇರೆ ಬೇರೆ ದಿನಾಂಕಗಳೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿ ಇರುವುದು ಎದ್ದು ಕಾಣುತ್ತದೆ. ಮೊದಲ ದಿನದಿಂದಲೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟು, ಅಂದು ಮಾಡಿದ್ದನ್ನೂ ಅಳೆದದ್ದನ್ನೂ ಖರ್ಚು ಮಾಡಿದ್ದನ್ನೂ ಬರೆಯುತ್ತ ಹೋದರೆ ಸಾರಾಂಶ ತಾನಾಗಿಯೇ ಸಿದ್ಧವಾಗುತ್ತದೆ. ಹೆಸರನ್ನು ಶಾಲಾ ದಾಖಲೆಯಲ್ಲಿರುವಂತೆಯೇ, ಇನಿಷಿಯಲ್ ಸಮೇತ ಬರೆಯಿರಿ. ಅದರ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಇನ್ನು ಮೋಟಾರ್. ಗಾಳಿಯಂತ್ರದ ಮಾದರಿಯಲ್ಲಿ ವಿದ್ಯುತ್ತನ್ನು ಉತ್ಪಾದಿಸಲು ಬೇರೆ ಜನರೇಟರ್ ಬೇಕಿಲ್ಲ. ಆಯಸ್ಕಾಂತವಿರುವ ಸಣ್ಣ ಡಿ.ಸಿ. ಮೋಟಾರಿಗೆ ವಿದ್ಯುತ್ ಕೊಟ್ಟರೆ ಅದು ತಿರುಗುತ್ತದೆ. ಅದನ್ನೇ ನಾವು ತಿರುಗಿಸಿದರೆ ಅದರ ಎರಡು ತಂತಿಗಳ ನಡುವೆ ವಿದ್ಯುತ್ ಹುಟ್ಟುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಎಷ್ಟು ಜೋರಾಗಿ ತಿರುಗಿಸಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಆಟಿಕೆಯ ಕಾರಿನಲ್ಲಿರುವ, ಮೂವತ್ತು ರೂಪಾಯಿಗೆ ಸಿಗುವ ಮೋಟಾರು 3 ವೋಲ್ಟಿನಲ್ಲಿ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ಓಡುವಂತೆ ಮಾಡಿದ್ದು. ಅದನ್ನು ತಿರುಗಾಮುರುಗಾ ಬಳಸುವಾಗಲೂ ಲೆಕ್ಕ ಸರಿಸುಮಾರು ಅದೇ ಪ್ರಮಾಣದಲ್ಲಿ ನಡೆಯುತ್ತದೆ. ಕೆಂಪು ಎಲ್‌ಇಡಿ ಉರಿಯಲು ಹತ್ತಿರ ಹತ್ತಿರ 2 ವೋಲ್ಟ್ ಬೇಕು, ಬಿಳಿಯದಕ್ಕೆ 3 ವೋಲ್ಟ್. ಅಂದರೆ ಆ ಮೋಟಾರಿನಿಂದ ಕೆಂಪು ದೀಪವನ್ನು ಉರಿಸಲು ನಿಮಿಷಕ್ಕೆ ಆರು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿಸಬೇಕು. ಎರಡಡಿಗಿಂತ ಕಡಿಮೆ ವ್ಯಾಸದ ರೆಕ್ಕೆಗಳು ಮನೆಯ ಟೇಬಲ್ ಫ್ಯಾನಿನ ಎದುರು ನಿಮಿಷಕ್ಕೆ ನಾಲ್ಕೈದು ನೂರು ಸುತ್ತು ಸುತ್ತಿದರೆ ಅದೇ ದೊಡ್ಡದು. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿದಾಗ ಅರ್ಧ ವೋಲ್ಟ್ ಕೂಡ ಬರುತ್ತಿರಲಿಲ್ಲ. ಎಲ್‌ಇಡಿಯ ಗುಣವೆಂದರೆ ಅದಕ್ಕೆ ಬೇಕಾದ ವೋಲ್ಟೇಜ್ ಮುಟ್ಟುವವರೆಗೆ ಅದು ಮಂದವಾಗಿಯೂ ಉರಿಯುವುದಿಲ್ಲ, ಸುಮ್ಮನೆ ಕತ್ತಲಾಗಿರುತ್ತದೆ. ಹಾಗಾಗಿ ಮಗು ರೆಕ್ಕೆ ಸರಿಯಿಲ್ಲ, ತಂತಿ ಸರಿಯಿಲ್ಲ, ದೀಪ ಸುಟ್ಟಿದೆ ಎಂದೆಲ್ಲ ಹುಡುಕುತ್ತ ಕೂರುತ್ತದೆ. ನಮ್ಮ ಮಗಳು ಒಂದು ಸಂಜೆ ಊಟಕ್ಕೂ ಏಳದೆ ಕಣ್ಣು ತುಂಬಿಕೊಂಡು ಕುಳಿತಿದ್ದಳು.

ಇದಕ್ಕಾಗಿಯೇ ಮಲ್ಟಿಮೀಟರ್ ಕೊಳ್ಳಿ ಎಂದು ಹೇಳುತ್ತೇನೆ. ಇನ್ನೂರೈವತ್ತು ಮುನ್ನೂರು ರೂಪಾಯಿಗೆ ಸಾಧಾರಣವಾದದ್ದು ಸಿಗುತ್ತದೆ. ನಮ್ಮ ಒಟ್ಟು ಖರ್ಚಿನಲ್ಲಿ ಅದೇ ಅತಿ ದೊಡ್ಡ ಬಾಬತ್ತು, ಆದರೆ ಅದಿಲ್ಲದಿದ್ದರೆ ಕತ್ತಲಲ್ಲಿ ತಡಕಾಡಿದಂತೆಯೇ. ಕೊಳ್ಳಲಾಗದಿದ್ದರೆ ಶಾಲೆಯ ಪ್ರಯೋಗಾಲಯದಿಂದಲೋ ಪರಿಚಯದ ಎಲೆಕ್ಟ್ರಿಷಿಯನ್‌ರಿಂದಲೋ ಎರವಲು ಪಡೆಯಿರಿ.

ಬೆಟಗೇರಿಯ ಕಡೆ ಟಿ.ವಿ., ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಮಗಳು ಮೋಟಾರನ್ನು ಅವರ ಕೈಗೆ ಕೊಟ್ಟು, "ಕಾಕಾ, ಇದರಿಂದ ದೀಪ ಯಾಕ ಹತ್ತವಲ್ದು?" ಎಂದು ಕೇಳಿದಳು. ಅವರು ಅದನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ನೋಡಿ, "ಇದು ಆಟಿಗಿ ಸಾಮಾನಿಂದು ಐತೆವ್ವಾ. ಇದಕ್ಕ ಓಡಾಕ ಭಾಳ ಬೇಕು, ಕೊಡಾಕ ಏನೂ ಇಲ್ಲ. ಹಳೇ ಪ್ರಿಂಟರ್ ಮೋಟಾರ್ ಸಿಕ್ಕರ ನೋಡು," ಎಂದರು. ಅವರಲ್ಲಿ ಆ ಹೊತ್ತಿಗೆ ಯಾವ ಹಳೆಯ ಪ್ರಿಂಟರೂ ಇರಲಿಲ್ಲ. ಯಾರಾದರೂ ಮಾರಲು ತಂದರೆ ತೆಗೆದಿಡುವುದಾಗಿಯೂ, ಎರಡು ದಿನ ಬಿಟ್ಟು ಬರುವಂತೆಯೂ ಹೇಳಿದರು. ಆ ಎರಡು ದಿನ ಹೇಗೆ ಹಿಗ್ಗುತ್ತ ಹೋಯಿತೆಂಬುದನ್ನು ರಿಪೇರಿ ಅಂಗಡಿಗಳ ಬಾಗಿಲಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ಹೋದಾಗಲೆಲ್ಲ "ಇನ್ನೂ ಬಂದಿಲ್ರೀ ಅಕ್ಕಾರ" ಎಂಬ ಉತ್ತರ ಬರುತ್ತಿತ್ತು, ಇತ್ತ ಶಾಲೆಯಲ್ಲಿ ಉಳಿದ ಮಕ್ಕಳ ಮಾದರಿಗಳಿಗೆ ಬಣ್ಣ ಬಳಿಯುವುದೂ ಮುಗಿದಿತ್ತು.

ಕಾಯುತ್ತ ಕುಳಿತುಕೊಳ್ಳಲಾರದೆ ಒಂದು ಭಾನುವಾರ ತಾಯಿ ಮಗಳು ಹುಬ್ಬಳ್ಳಿಗೆ ಹೋದೆವು. ಶಕ್ತಿ ಯೋಜನೆಯ ದೆಸೆಯಿಂದ ಹೋಗಿಬರುವ ಟಿಕೆಟ್ಟಿನ ಹಣ ಉಳಿಯಿತು. ಗುರುತಿಗೆ ಆಧಾರ್ ಕಾರ್ಡ್ ಒಯ್ಯುವುದನ್ನು ಮರೆಯಬೇಡಿ. ಭಾನುವಾರ ಬಿಡಿಭಾಗದ ಅಂಗಡಿಗಳಲ್ಲಿ ಹಲವು ಬಾಗಿಲು ತೆರೆಯುವುದಿಲ್ಲ ಎಂಬುದು ಅಲ್ಲಿ ಹೋದ ಮೇಲೆ ತಿಳಿಯಿತು. ತೆರೆದಿದ್ದ ಒಂದು ಅಂಗಡಿಯಲ್ಲಿ ಹಳದಿ ಬಣ್ಣದ ಗೇರ್ ಮೋಟಾರ್ ಕೊಟ್ಟರು. ರೋಬೋಟ್ ಮಾದರಿಗಳಿಗೆ ಮಕ್ಕಳು ಬಳಸುವಂಥದ್ದು. ಇದರ ಹೊರಗಿನ ಅಚ್ಚು ಒಂದು ಸುತ್ತು ತಿರುಗಿದರೆ ಒಳಗಿನ ಮೋಟಾರು 48 ಸುತ್ತು ತಿರುಗುತ್ತದೆ. ಕೈಯಿಂದ ತಿರುಗಿಸಿದಾಗ ಎಲ್‌ಇಡಿ ಪಳ್ಳನೆ ಹೊತ್ತಿತು, ನಮಗೆ ಗೆದ್ದಷ್ಟು ಸಂತೋಷವಾಯಿತು. ಮನೆಗೆ ಬಂದು ರೆಕ್ಕೆ ಕಟ್ಟಿ ಫ್ಯಾನಿನ ಎದುರು ಇಟ್ಟರೆ ಅದು ಅಲುಗಾಡಲಿಲ್ಲ. ಇಷ್ಟು ಗೇರುಗಳನ್ನು ಹೊರಗಿನಿಂದ ತಳ್ಳಲು ಬೇಕಾದ ಬಲ ಸಣ್ಣ ರೆಕ್ಕೆಗೆ ಬರುವುದಿಲ್ಲ. ಅಗಲವಾದ ಆರೆಂಟು ರೆಕ್ಕೆಗಳನ್ನು 45 ಡಿಗ್ರಿಯ ವಾರೆಯಲ್ಲಿ ಕಟ್ಟಿದರೆ ಜೋರು ಗಾಳಿಗೆ ಇದು ನಿಧಾನವಾಗಿ ತಿರುಗಬಹುದು, ಆದರೆ ಕಪ್ಪತಗುಡ್ಡದ ಮೂರು ರೆಕ್ಕೆಯ ಯಂತ್ರವನ್ನೇ ಮಾಡಬೇಕೆಂದು ಹಟ ಹಿಡಿದ ಹುಡುಗಿಗೆ ಅದು ಒಪ್ಪಿಗೆಯಾಗಲಿಲ್ಲ.

ಈ ನಡುವೆ ಅವಳು ಇನ್ನೊಂದು ದಾರಿಯನ್ನೂ ಪರೀಕ್ಷಿಸಿದಳು. ಪ್ರಿಂಟರ್ ಮೋಟಾರ್ ಸಿಗದ ಊರಿನವರಿಗೆ ಅದೇ ಗತಿಯಾದ್ದರಿಂದ ಬರೆಯುತ್ತಿದ್ದೇನೆ. ನಾನು ಬಟ್ಟೆ ಹೊಲಿಯುವವಳು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದಲ್ಲಿ ಕೆಳಗಿನ ದೊಡ್ಡ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಮೇಲಿನ ಸಣ್ಣ ಗಾಲಿ ಹಲವು ಸುತ್ತು ತಿರುಗುವಂತೆ, ರೆಕ್ಕೆಯ ಅಚ್ಚಿಗೆ ದೊಡ್ಡ ಗಾಲಿಯನ್ನೂ ಮೋಟಾರಿನ ಅಚ್ಚಿಗೆ ಸಣ್ಣ ಗಾಲಿಯನ್ನೂ ಹಾಕಿ ನಡುವೆ ರಬ್ಬರ್ ಬ್ಯಾಂಡ್ ಬಿಗಿಯಬೇಕು. ದೊಡ್ಡ ಗಾಲಿಗೆ ಹಳೆಯ ಸಿ.ಡಿ.ಗಳು ಹೇಳಿ ಮಾಡಿಸಿದವು: ಎರಡು ಸಿ.ಡಿ.ಗಳ ನಡುವೆ ಅವಕ್ಕಿಂತ ತುಸು ಚಿಕ್ಕದಾದ ರಟ್ಟಿನ ಬಿಲ್ಲೆಯನ್ನು ಅಂಟಿಸಿದರೆ ಬ್ಯಾಂಡ್ ಕೂರುವ ಕಾಲುವೆಯೂ ಸಿದ್ಧವಾಗುತ್ತದೆ. ಸಿ.ಡಿ.ಯ ವ್ಯಾಸ 12 ಸೆಂ.ಮೀ., ಮೋಟಾರಿನ ಗಾಲಿ 1 ಸೆಂ.ಮೀ. ಇದ್ದರೆ ವೇಗ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ರೆಕ್ಕೆಯ ಅಚ್ಚು ಸಲೀಸಾಗಿ ತಿರುಗಲು ಎರಡು ಬೇರಿಂಗ್ ಬೇಕು. ಸ್ಕೇಟಿಂಗ್ ಬೂಟಿನ ಗಾಲಿಯೊಳಗಿನದ್ದು ಸಾಕು. ಬ್ಯಾಂಡ್ ಬಹಳ ಬಿಗಿಯಾದರೆ ರೆಕ್ಕೆ ನಿಲ್ಲುತ್ತದೆ, ಸಡಿಲವಾದರೆ ಜಾರುತ್ತದೆ. ಅದನ್ನು ಹದಕ್ಕೆ ತರುವುದರಲ್ಲಿ ತಾಳ್ಮೆ ಬೇಕು. ದೊಡ್ಡ ಯಂತ್ರಗಳಲ್ಲೂ ಇದೇ ತತ್ತ್ವವಿದೆ: ನಿಮಿಷಕ್ಕೆ ಹದಿನೈದರ ಆಸುಪಾಸು ಸುತ್ತುವ ರೆಕ್ಕೆಯಿಂದ ಒಂದೂವರೆ ಸಾವಿರ ಸುತ್ತಿನ ಜನರೇಟರನ್ನು ನಡೆಸಲು ಕಂಬದ ತುದಿಯ ಪೆಟ್ಟಿಗೆಯಲ್ಲಿ ಸರಿಸುಮಾರು ನೂರು ಪಟ್ಟು ವೇಗ ಏರಿಸುವ ಗೇರ್‌ಬಾಕ್ಸ್ ಇರುತ್ತದೆ. ಗೇರ್‌ಬಾಕ್ಸ್ ಇಲ್ಲದ ಯಂತ್ರಗಳೂ ಇವೆ, ಅವಕ್ಕೆ ನಿಧಾನವಾಗಿ ತಿರುಗಿದರೂ ವಿದ್ಯುತ್ ಕೊಡುವ ಬೇರೆ ಬಗೆಯ ಜನರೇಟರ್ ಬೇಕು.

ಮುಂದಿನ ವಾರ ಮೋಟಾರೇ ನಮ್ಮನ್ನು ಹುಡುಕಿಕೊಂಡು ಬಂತು. ರಿಪೇರಿಯ ಕಾಕಾ ಒಂದು ಕೆಟ್ಟ ಇಂಕ್‌ಜೆಟ್ ಪ್ರಿಂಟರನ್ನು ಬಿಚ್ಚಿ, ಶಾಯಿಯ ತಲೆಯನ್ನು ಅತ್ತಿತ್ತ ಓಡಿಸುವ ಮೋಟಾರನ್ನು ತೆಗೆದು ಎಂಬತ್ತು ರೂಪಾಯಿಗೆ ಕೊಟ್ಟರು. ಅದರ ಮೈಮೇಲೆ 24 ವೋಲ್ಟ್ ಎಂದಿತ್ತು. ಇಂಥ ಮೋಟಾರು 24 ವೋಲ್ಟಿನಲ್ಲಿ ನಾಲ್ಕೈದು ಸಾವಿರ ಸುತ್ತು ಓಡುತ್ತದೆ ಎಂದುಕೊಂಡರೆ, ನಾನೂರು ಸುತ್ತಿಗೆ 2 ವೋಲ್ಟ್ ಸಿಗುತ್ತದೆ. ಆಟಿಕೆಯ ಮೋಟಾರು ಆರು ಸಾವಿರ ಸುತ್ತಿಗೆ ಕೊಡುವುದನ್ನು ಇದು ನಾನೂರಕ್ಕೆ ಕೊಡುತ್ತದೆ! ಅಂಗಡಿಯಲ್ಲೇ ಬೆರಳಿನಿಂದ ಜೋರಾಗಿ ತಿರುಗಿಸಿದಾಗ ಕೆಂಪು ದೀಪ ಮಿಂಚಿತು. ಆದ್ದರಿಂದ ಮೋಟಾರ್ ಕೊಳ್ಳುವವರು ನೆನಪಿಡಬೇಕಾದ ಪರೀಕ್ಷೆ ಇಷ್ಟೇ: ಮೈಮೇಲೆ ಬರೆದ ವೋಲ್ಟ್ ಹೆಚ್ಚಿರಬೇಕು, ಸುತ್ತು ಕಡಿಮೆ ಇರಬೇಕು, ಬೆರಳಿಗೆ ಹಗುರವಾಗಿ ತಿರುಗಬೇಕು. ಜೇಬಿನಲ್ಲಿ ಒಂದು ಕೆಂಪು ಎಲ್‌ಇಡಿ ಇಟ್ಟುಕೊಂಡು ಹೋಗಿ ಅಂಗಡಿಯಲ್ಲೇ ನೋಡಿಬಿಡಿ. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಉರಿಯುವುದರಿಂದ ಹೊತ್ತದಿದ್ದರೆ ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ತಿರುಗಿಸಿ. ಪ್ರಿಂಟರಿನಲ್ಲಿ ನಾಲ್ಕೋ ಆರೋ ತಂತಿಗಳಿರುವ ಇನ್ನೊಂದು ಬಗೆಯ ಮೋಟಾರ್ ಕೂಡ ಸಿಗಬಹುದು. ಅದು ಸ್ಟೆಪ್ಪರ್ ಮೋಟಾರ್. ಅದರಿಂದ ಬರುವುದು ಎ.ಸಿ. ವಿದ್ಯುತ್ತಾದ್ದರಿಂದ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡುಗಳನ್ನು ಜೋಡಿಸಿ ಡಿ.ಸಿ. ಮಾಡಿಕೊಳ್ಳಬೇಕಾಗುತ್ತದೆ. ಎಂಟನೇ ತರಗತಿಯ ಮಗುವಿಗೆ ಎರಡು ತಂತಿಯದೇ ಸಾಕು.

ಮೋಟಾರ್ ಕೈಗೆ ಬಂದ ಮೇಲೆ ಉಳಿದ ಕೆಲಸ ಚಕಚಕನೆ ಸಾಗಿತು. ರೆಕ್ಕೆಗೆ ನಳ ಜೋಡಿಸುವವರ ಹತ್ತಿರ ಉಳಿದಿದ್ದ 4 ಇಂಚಿನ ಪಿ.ವಿ.ಸಿ. ಪೈಪಿನ ತುಂಡು ಕೇಳಿ ತಂದೆವು. ಇಪ್ಪತ್ತು ಸೆಂ.ಮೀ. ಉದ್ದದ ತುಂಡನ್ನು ಉದ್ದುದ್ದ ನಾಲ್ಕು ಭಾಗ ಮಾಡಿ, ಒಂದೊಂದು ಭಾಗವನ್ನೂ ಬುಡ ಅಗಲ, ತುದಿ ಕಿರಿದು ಇರುವಂತೆ ಕೊರೆದರೆ ಪೈಪಿನ ಬಾಗುವಿಕೆಯೇ ರೆಕ್ಕೆಗೆ ಬೇಕಾದ ತಿರುವನ್ನು ಕೊಡುತ್ತದೆ. ಮೊದಲು ಕಾಗದದಲ್ಲಿ ಆಕಾರವನ್ನು ಕತ್ತರಿಸಿ, ಅದನ್ನು ಪೈಪಿಗೆ ಸುತ್ತಿ ಗೆರೆ ಎಳೆದು, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬೇಕು. ಕೊಯ್ಯುವ ಕೆಲಸವನ್ನು ದೊಡ್ಡವರು ಮಾಡುವುದು ಲೇಸು. ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಗಾಳಿಯನ್ನು ಸೀಳಿಕೊಂಡು ಹೋಗುವ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿ, ಹಿಂದಿನ ಅಂಚನ್ನು ತೆಳುವಾಗಿಸಬೇಕು. ನಾಲ್ಕರಲ್ಲಿ ಒಂದು ಮುರಿದರೂ ಮೂರು ಉಳಿಯುತ್ತವೆ ಎಂಬ ಧೈರ್ಯವೂ ಇರುತ್ತದೆ.

ಮೂರು ರೆಕ್ಕೆಗಳ ತೂಕ ಒಂದೇ ಆಗಿರಬೇಕೆಂಬುದನ್ನು ಹಗುರವಾಗಿ ಎಣಿಸಬೇಡಿ. ನಾವು ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಭಾರವಿದ್ದದ್ದನ್ನು ಉಜ್ಜಿ ಉಜ್ಜಿ ಸರಿಮಾಡಿದೆವು. ಆಮೇಲೂ ರೆಕ್ಕೆಗಳನ್ನು ಅಚ್ಚಿಗೆ ಹಾಕಿ ಮೆಲ್ಲಗೆ ತಿರುಗಿಸಿ ಬಿಟ್ಟಾಗ ಪ್ರತಿ ಸಲವೂ ಒಂದೇ ರೆಕ್ಕೆ ಕೆಳಗೆ ಬಂದು ನಿಲ್ಲುತ್ತಿದ್ದರೆ ಅದಿನ್ನೂ ಭಾರವಿದೆ ಎಂದರ್ಥ. ಉಳಿದವಕ್ಕೆ ಇನ್ಸುಲೇಷನ್ ಟೇಪಿನ ಚೂರನ್ನು ಅಂಟಿಸಿ ಸಮ ಮಾಡಬೇಕು. ಇದನ್ನು ಮಾಡದಿದ್ದರೆ ವೇಗ ಏರಿದಂತೆ ಇಡೀ ಕಂಬವೇ ನಡುಗುತ್ತದೆ. ಮೋಟಾರಿನ ಅಚ್ಚಿನ ಮೇಲಿದ್ದ ಹಲ್ಲಿನ ಗಾಲಿಯನ್ನು ತೆಗೆಯದೆ, ಅದರ ಮೇಲೆಯೇ ದುಂಡಗೆ ಕೊರೆದ ಪ್ಲೈವುಡ್ ಬಿಲ್ಲೆಯನ್ನು ಎಂ-ಸೀಲ್ ಹಾಕಿ ಕೂರಿಸಿ ರಾತ್ರಿಯಿಡೀ ಬಿಟ್ಟೆವು. ರೆಕ್ಕೆಗಳನ್ನು ಬಿಲ್ಲೆಗೆ ಅಂಟಿಸಬೇಡಿ, ಸಣ್ಣ ನಟ್ಟು ಬೋಲ್ಟಿನಿಂದ ಬಿಗಿಯಿರಿ. ಕೋನವನ್ನು ಬದಲಿಸಿ ನೋಡಲೂ, ಸಾಗಿಸುವಾಗ ಬಿಚ್ಚಲೂ ಅದು ಬೇಕಾಗುತ್ತದೆ.

ಕಂಬಕ್ಕೆ ಮುಕ್ಕಾಲು ಇಂಚಿನ ಪೈಪು, ತಳಕ್ಕೆ ಬಡಿಗರ ಮನೆಯಲ್ಲಿ ಉಳಿದ ಪ್ಲೈವುಡ್ ಹಲಗೆ. ಗಾಳಿ ಬಂದ ಕಡೆಗೆ ಮುಖ ತಿರುಗಿಸುವ ಬಾಲವನ್ನೂ ಹಚ್ಚಿ, ಕಂಬದ ತುದಿಗೆ ಬೇರಿಂಗ್ ಕೂರಿಸಿದಳು. ಪ್ರದರ್ಶನದ ಮೇಜಿನ ಮೇಲೆ ಫ್ಯಾನು ಒಂದೇ ಕಡೆ ಇರುವುದರಿಂದ ಬಾಲ ಅನಿವಾರ್ಯವೇನಲ್ಲ. ಹಾಕಿದರೆ ಒಳಗಿನ ತಂತಿ ತಿರುಚಿಕೊಳ್ಳದಂತೆ ಒಂದಷ್ಟು ಸಡಿಲ ಬಿಡಿ.

ಅಳತೆಯ ದಿನಗಳು ಅವಳಿಗೆ ಅತ್ಯಂತ ಇಷ್ಟವಾದವು, ಮನೆಯವರಿಗೆಲ್ಲ ಫ್ಯಾನಿಲ್ಲದೆ ಮಲಗುವ ಗತಿ ಬಂತು. ನವೆಂಬರಿನಲ್ಲಿ ನಮ್ಮ ಕಡೆ ಆಷಾಢದ ಗಾಳಿ ಇರುವುದಿಲ್ಲ. ಮಾಳಿಗೆಯ ಮೇಲೆ ಯಂತ್ರವನ್ನು ಇಟ್ಟು ಕಾದರೆ ಒಮ್ಮೆ ತಿರುಗುತ್ತದೆ, ಒಮ್ಮೆ ಸುಮ್ಮನೆ ನಿಲ್ಲುತ್ತದೆ. ಗಾಳಿಯ ವೇಗವನ್ನು ಅಳೆಯುವ ಉಪಕರಣವಿಲ್ಲದವರಿಗೆ ಬೋಫರ್ಟ್ ಮಾಪಕ ಒಳ್ಳೆಯ ಆಸರೆ: ಮುಖಕ್ಕೆ ಗಾಳಿ ತಾಕಿ ಎಲೆಗಳು ಸರಸರ ಎಂದರೆ ಸೆಕೆಂಡಿಗೆ 1.6ರಿಂದ 3.3 ಮೀಟರ್, ಎಲೆಗಳೂ ಎಳೆ ಟೊಂಗೆಗಳೂ ಬಿಡುವಿಲ್ಲದೆ ಅಲುಗಿದರೆ 3.4ರಿಂದ 5.4 ಮೀಟರ್. ಬೇವಿನ ಮರವನ್ನು ನೋಡಿ ಅವಳು ಟಿಪ್ಪಣಿ ಬರೆದುಕೊಂಡಳು. ಟೇಬಲ್ ಫ್ಯಾನಿನ ಎದುರು ಅಳೆಯುವವರು ಯಂತ್ರವನ್ನು ಫ್ಯಾನಿಗೆ ತೀರಾ ಹತ್ತಿರ ಇಡಬಾರದು. ಫ್ಯಾನಿನ ನಡುಭಾಗದಲ್ಲಿ ಗಾಳಿಯೇ ಇರುವುದಿಲ್ಲ, ಸುತ್ತಲಿನ ಗಾಳಿಯೂ ಸುಳಿಸುಳಿಯಾಗಿ ಬರುತ್ತದೆ. ಮೂರು ನಾಲ್ಕು ಅಡಿ ದೂರ ಇಟ್ಟಾಗ ನಮಗೆ ಅಳತೆಗಳು ಸ್ಥಿರವಾಗಿ ಸಿಕ್ಕವು.

ರೆಕ್ಕೆಯ ಕೋನದ ವಿಷಯ ನನಗೂ ಹೊಸದು. ಬುಡಕ್ಕೆ ಚಿಕ್ಕ ಬೆಣೆ ಕೊಟ್ಟು 45 ಡಿಗ್ರಿಯ ಹತ್ತಿರ ವಾರೆ ಮಾಡಿದರೆ ರೆಕ್ಕೆ ಥಟ್ಟನೆ ತಿರುಗಲು ತೊಡಗುತ್ತದೆ, ಆದರೆ ವೇಗ ಏರುವುದಿಲ್ಲ. ಹತ್ತು ಹದಿನೈದು ಡಿಗ್ರಿಗೆ ಇಳಿಸಿದರೆ ಶುರುವಾಗಲು ತಡ ಮಾಡುತ್ತದೆ, ಒಮ್ಮೊಮ್ಮೆ ಬೆರಳಿನಿಂದ ತಟ್ಟಬೇಕಾಗುತ್ತದೆ. ಒಮ್ಮೆ ಹಿಡಿತ ಸಿಕ್ಕಿತೆಂದರೆ ಭರ್ರನೆ ಏರುತ್ತದೆ. ದೀಪ ಹೊತ್ತಲು ಬೇಕಾದದ್ದು ಈ ವೇಗವೇ. ರೆಕ್ಕೆಗಳ ಸಂಖ್ಯೆ ಹೆಚ್ಚಿದರೆ ಬಲ ಹೆಚ್ಚು, ಸುತ್ತು ಕಡಿಮೆ. ನೀರೆತ್ತುವ ಹಳೆಯ ಗಾಳಿಯಂತ್ರಗಳಿಗೆ ಹತ್ತಾರು ರೆಕ್ಕೆಗಳಿದ್ದದ್ದು ಇದಕ್ಕಾಗಿ. ವಿದ್ಯುತ್ತಿಗೆ ವೇಗವಾಗಿ ತಿರುಗುವ ಕೆಲವೇ ರೆಕ್ಕೆಗಳು ಒಳ್ಳೆಯವು ಎಂದು ಪರೀಕ್ಷೆ ಮಾಡಿ ತೋರಿಸಿದವರು ಡೆನ್ಮಾರ್ಕಿನ ಪಾಲ್ ಲಾ ಕೂರ್. ಅಸ್ಕೋವ್ ಎಂಬ ಊರಿನ ಜನಪದ ಪ್ರೌಢಶಾಲೆಯಲ್ಲಿ ಶಿಕ್ಷಕರಾಗಿದ್ದ ಅವರು 1891ರಲ್ಲಿ ಅಲ್ಲಿಯೇ ಪ್ರಯೋಗದ ಗಾಳಿಯಂತ್ರವನ್ನು ಕಟ್ಟಿದ್ದರು. ಮೇಷ್ಟ್ರೊಬ್ಬರು ಶಾಲೆಯಲ್ಲೇ ಮಾಡಿದ ಕೆಲಸ ಎಂಬ ಕಾರಣಕ್ಕೆ ಮಗಳು ಅದನ್ನು ಸಾರಾಂಶದ ಮೊದಲ ಪುಟದಲ್ಲೇ ಬರೆದಳು.

ಎರಡು ಎಚ್ಚರಿಕೆಗಳಿವೆ. ಫ್ಯಾನನ್ನು ಜೋರಾಗಿ ಇಟ್ಟಾಗ ವೋಲ್ಟೇಜು ಎಲ್‌ಇಡಿ ತಾಳುವುದಕ್ಕಿಂತ ಹೆಚ್ಚಾಗಬಹುದು. ಒಂದು ರೂಪಾಯಿಯ 100 ಓಮ್ ರೆಸಿಸ್ಟರನ್ನು ಸಾಲಿನಲ್ಲಿ ಸೇರಿಸಿದರೆ ದೀಪ ಸುಡುವುದಿಲ್ಲ. ಇನ್ನು ಪಿ.ವಿ.ಸಿ. ರೆಕ್ಕೆಯ ತುದಿ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಬೆರಳಿಗೆ ಬಡಿದರೆ ಚೆನ್ನಾಗಿಯೇ ಏಟಾಗುತ್ತದೆ. ಪ್ರದರ್ಶನದಲ್ಲಿ ಸಣ್ಣ ಮಕ್ಕಳು ಕೈಯೊಡ್ಡುವುದು ಖಂಡಿತ, ಆದ್ದರಿಂದ ಮೇಜಿನ ಅಂಚಿಗೆ ದಾರ ಕಟ್ಟಿ ಅಂತರ ಕಾಯ್ದುಕೊಳ್ಳಿ.

ಶಾಲೆಯ ಪ್ರದರ್ಶನದ ದಿನ ನಮಗೆ ಸಿಕ್ಕ ಮೇಜು ಪ್ಲಗ್ಗಿನಿಂದ ದೂರವಿತ್ತು. ಉದ್ದನೆಯ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ದಿದ್ದೆವಾಗಿ ಬಚಾವಾದೆವು. ಅದಕ್ಕಿಂತ ದೊಡ್ಡ ಸಂಕಟವೆಂದರೆ ಪರೀಕ್ಷಕರು ಎರಡು ಮೇಜು ಆಚೆ ಇದ್ದಾಗ ಕರೆಂಟ್ ಹೋದದ್ದು. ಫ್ಯಾನ್ ನಿಂತಿತು, ಮಗಳ ಮುಖ ಬಾಡಿತು. ಅವಳು ಕ್ಷಣ ಹೊತ್ತು ಯೋಚಿಸಿ, ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಶಾಲೆಯ ಜಗಲಿಗೆ ಓಡಿದಳು. ಅಲ್ಲಿ ಬೀಸುತ್ತಿದ್ದ ಗಾಳಿಗೆ ರೆಕ್ಕೆ ತಿರುಗಿತು, ದೀಪ ಬಿಟ್ಟು ಬಿಟ್ಟು ಮಿಣುಕಿತು. ಪರೀಕ್ಷಕರಿಗೆ ಅದು ಫ್ಯಾನಿಗಿಂತ ಹೆಚ್ಚು ಮೆಚ್ಚಿಗೆಯಾಯಿತೆಂದು ಕಾಣುತ್ತದೆ.

ಮೆಚ್ಚಿಗೆಯಾದರೂ ಪ್ರಶ್ನೆಗಳಲ್ಲಿ ಅವರು ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ. ಕರೆಂಟ್ ಬಂದ ಮೇಲೆ ಮರಳಿ ಬಂದವರು ಕೇಳಿದ ಮೊದಲ ಪ್ರಶ್ನೆಯೇ ನನ್ನ ಎದೆ ಧಸಕ್ಕೆನ್ನುವಂತಿತ್ತು: "ಐವತ್ತು ವ್ಯಾಟಿನ ಫ್ಯಾನ್ ಹಚ್ಚಿ ಒಂದು ಸಣ್ಣ ದೀಪ ಹಚ್ಚಾಕತ್ತೀಯಲ್ಲ ತಂಗಿ, ಇದರಾಗ ಲಾಭ ಏನು?" ಫ್ಯಾನು ಗಾಳಿಯ ಬದಲಿಗೆ ನಿಂತಿದೆಯೇ ಹೊರತು ಯಂತ್ರದ ಭಾಗವಲ್ಲ, ಗುಡ್ಡದ ಮೇಲಿನ ಗಾಳಿಗೆ ಬಿಲ್ಲು ಬರುವುದಿಲ್ಲ ಎಂದು ಅವಳು ಹೇಳಿ, ನೋಟ್‌ಬುಕ್ಕಿನ ಲೆಕ್ಕವನ್ನು ತೋರಿಸಿದಳು. ಅವಳ ರೆಕ್ಕೆಗಳ ವ್ಯಾಸ 40 ಸೆಂ.ಮೀ.; ಅವು ಸವರುವ ವೃತ್ತದ ಮೂಲಕ ಸೆಕೆಂಡಿಗೆ 3 ಮೀಟರ್ ವೇಗದ ಗಾಳಿ ಹಾಯ್ದರೆ ಅದರಲ್ಲಿ ಸುಮಾರು 2 ವ್ಯಾಟ್ ಶಕ್ತಿ ಇರುತ್ತದೆ, 6 ಮೀಟರ್ ಆದರೆ 16 ವ್ಯಾಟ್. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಎಂಥ ಒಳ್ಳೆಯ ಯಂತ್ರವೂ ಅದರಲ್ಲಿ 59.3 ಶೇಕಡಕ್ಕಿಂತ ಹೆಚ್ಚನ್ನು ಹೀರಿಕೊಳ್ಳಲಾರದು ಎಂಬುದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಕಂಡುಕೊಂಡ ಮಿತಿ. ಅವಳ ದೀಪಕ್ಕೆ ಬೇಕಾದದ್ದು ವ್ಯಾಟಿನ ನೂರರಲ್ಲಿ ನಾಲ್ಕು ಭಾಗ ಮಾತ್ರ. ಅಂದರೆ ಗಾಳಿಯಲ್ಲಿ ಶಕ್ತಿಗೆ ಬರವಿಲ್ಲ, ತಕ್ಕ ಮೋಟಾರಿನದೇ ಬರ. ಕೆಂಪು ಮತ್ತು ಬಿಳಿ ಎಲ್‌ಇಡಿಗಳನ್ನು ಒಂದಾದ ಮೇಲೊಂದು ಹಚ್ಚಿ ಫ್ಯಾನಿನ ವೇಗವನ್ನು ಏರಿಸುತ್ತ, ನಿಧಾನ ವೇಗಕ್ಕೇ ಕೆಂಪು ಹೊತ್ತುವುದನ್ನೂ ಬಿಳಿಯದು ತಡವಾಗಿ ಹೊತ್ತುವುದನ್ನೂ ಅವಳು ತೋರಿಸಿದಾಗ ಪರೀಕ್ಷಕರು ಮತ್ತೆ ಪ್ರಶ್ನೆ ಕೇಳಲಿಲ್ಲ.

ಗಾಳಿ ನಿಂತಾಗ ಏನು ಮಾಡುತ್ತೀರಿ, ಹೆಚ್ಚಾದಾಗ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳು ತಾಲ್ಲೂಕಿನಲ್ಲಿ ಬಂದವು. ದೊಡ್ಡ ಯಂತ್ರಗಳು ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಗಾಳಿಗೆ ಉತ್ಪಾದನೆ ಆರಂಭಿಸಿ, 25 ಮೀಟರಿನ ಸುಮಾರಿಗೆ ರೆಕ್ಕೆಗಳನ್ನು ಹೊರಳಿಸಿ ನಿಂತುಬಿಡುತ್ತವೆ ಎಂಬುದನ್ನು ಮಕ್ಕಳು ತಿಳಿದಿರಲಿ. ಕಪ್ಪತಗುಡ್ಡಕ್ಕೆ ಹೋಗಿ ಹತ್ತಿರದಿಂದ ನೋಡಬೇಕೆನ್ನುವವರು ಗಮನಿಸಬೇಕಾದದ್ದೆಂದರೆ, 2019ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಣೆಯಾಗಿರುವುದರಿಂದ ಮನಸ್ಸು ಬಂದ ಕಡೆ ಹತ್ತಿ ಹೋಗುವಂತಿಲ್ಲ. ರಸ್ತೆಯಿಂದ ಫೋಟೊ ತೆಗೆದರೆ ಸಾಕಾಗುತ್ತದೆ.

ತಾಲ್ಲೂಕಿಗೆ ಆಯ್ಕೆಯಾದ ಸುದ್ದಿ ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಬಂತು, ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹಾಜರಿರಬೇಕೆಂದು. ರೆಕ್ಕೆಗಳನ್ನು ಬಿಚ್ಚಿ, ಹಳೆಯ ಚಾದರದಲ್ಲಿ ಸುತ್ತಿ ಆಟೊದಲ್ಲಿ ಒಯ್ದೆವು. ಒಂದು ಬಿಡಿ ರೆಕ್ಕೆ, ನಟ್ಟು ಬೋಲ್ಟು, ಟೇಪು, ಎಲ್‌ಇಡಿಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋದದ್ದು ಉಪಯೋಗಕ್ಕೆ ಬಂತು, ಏಕೆಂದರೆ ಒಂದು ಬೋಲ್ಟು ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಗಿತ್ತು. ಎರಡನೆಯ ಸ್ಥಾನ ಬಂತು. ಮೊದಲನೆಯದು ಹನಿ ನೀರಾವರಿಯ ಮಾದರಿಯೊಂದಕ್ಕೆ ಹೋಯಿತು, ಅದು ನಿಜಕ್ಕೂ ಚೆನ್ನಾಗಿತ್ತು. ನೋಟ್‌ಬುಕ್ಕಿನ ಲೆಕ್ಕದಂತೆ ಒಟ್ಟು ಖರ್ಚು, ಆಟೊ ಬಾಡಿಗೆ ಬಿಟ್ಟು, ಏಳು ನೂರು ರೂಪಾಯಿಯ ಆಸುಪಾಸು. ಅದರಲ್ಲಿ ಹುಬ್ಬಳ್ಳಿಯ ಹಳದಿ ಮೋಟಾರು ಈಗ ತಮ್ಮನ ಆಟಿಕೆಯೊಳಗೆ ಸೇರಿದೆ.

ಪ್ರಮಾಣಪತ್ರ ಕೈಗೆ ಬಂದಾಗ ಅವಳ ಹೆಸರಿನ ಮುಂದಿನ ಇನಿಷಿಯಲ್ ಬೇರೆಯಾಗಿತ್ತು. ನಾವು ಶಾಲಾ ದಾಖಲೆಯಂತೆ ತುಂಬಿದ ನಮೂನೆಯ ಪ್ರತಿಯನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದರಿಂದ ತಿದ್ದುಪಡಿಗೆ ಅರ್ಜಿ ಕೊಡುವುದು ಸುಲಭವಾಯಿತು, ಮುಖ್ಯ ಶಿಕ್ಷಕರೂ ಒಂದು ಪತ್ರ ಬರೆದುಕೊಟ್ಟಿದ್ದಾರೆ. ತಿದ್ದಿದ ಪ್ರಮಾಣಪತ್ರಕ್ಕಾಗಿ ಈಗ ಕಾಯುತ್ತಿದ್ದೇವೆ. ನೀವು ಕೊಡುವ ಪ್ರತಿಯೊಂದು ಕಾಗದದ ನಕಲನ್ನೂ, ಪಡೆದವರ ಸಹಿಯೊಂದಿಗೆ, ಅದೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅಂಟಿಸಿಟ್ಟುಕೊಳ್ಳಿ.